ಅಲ್ವಾರಿಸ್ ಮಾರ್ ಜೂಲಿಯಸ್ ಎಂಬವರ ಜೀವಚರಿತ್ರೆ

ಮಂಗಳೂರಿನ ಉರ್ವದಿಂದ ಬಡಗು ದಿಕ್ಕಿಗೆ ಹೊರಟವನು ಮೊದಲು ಕೂಳೂರಿನಲ್ಲಿ ಗುರುಪುರ ಹೊಳೆಯನ್ನು ದಾಟುತ್ತಾನೆ. ಆ ಮೇಲೆ ಮೂಲ್ಕಿ, ಕಾಪು, ಉಡುಪಿಗಳನ್ನು ಹಿಂದೆ ಬಿಟ್ಟು, ಕಲ್ಯಾಣಪುರದ ಬಳಿ ಸ್ವರ್ಣಾ ನದಿಯನ್ನು ದಾಟಿ ಬ್ರಹ್ಮಾವರಕ್ಕೆ ಮುಟ್ಟುತ್ತಾನೆ. ದಾರಿ ಸುಮಾರು 70 ಕಿಲೋಮೀಟರು. ಉರ್ವದ ಪೊಂಪೈ ಮಾತೆಯ ಇಗರ್ಜಿಯಲ್ಲಿ ಕೊಂಕಣಿ ಮಾತಾಡುವ ಕ್ರೈಸ್ತರು ಕೂಡುವಂತೆಯೇ ಬ್ರಹ್ಮಾವರದ ಸಂತ ಮೇರಿಯ ದೇವಾಲಯದಲ್ಲಿಯೂ ಕೊಂಕಣಿ ಮಾತಾಡುವ ಕ್ರೈಸ್ತರು ಕೂಡುತ್ತಾರೆ. ಹೆಸರುಗಳು ಒಂದೇ, ಮನೆಮಾತು ಒಂದೇ, ಪೂರ್ವಿಕರು ಗೋವೆಯಿಂದ ಇಳಿದು ಬಂದವರೆಂಬದೂ ಒಂದೇ. ಆದರೆ ಉರ್ವದವರು ರೋಮಾಪುರಿಯ ಪೋಪರಿಗೆ ಒಳಪಟ್ಟವರು, ಬ್ರಹ್ಮಾವರದವರು ಪೋಪರಿಗೆ ಒಳಪಟ್ಟವರಲ್ಲ. ಅವರು ಮಲೆಯಾಳ ದೇಶದ ಸುರಿಯಾನಿ ಸಭೆಗೆ ಸೇರಿದವರು. ಒಂದೇ ರಕ್ತದವರು ಹೀಗೆ ಎರಡಾದದ್ದು ಯಾಕೆಂದು ಕೇಳುವವನಿಗೆ ಒಬ್ಬ ಮನುಷ್ಯನ ಚರಿತ್ರೆಯನ್ನು ಹೇಳಬೇಕಾಗುತ್ತದೆ. ಅವರು ನಮ್ಮ ಸಭೆಯವರಲ್ಲ, ಅವರ ನಡತೆಯನ್ನೆಲ್ಲಾ ನಾವು ಒಪ್ಪುವವರೂ ಅಲ್ಲ. ಆದರೂ ಅವರ ಕಥೆಯನ್ನು ತಿಳಿಯದೆ ಈ ಸೀಮೆಯ ಕ್ರೈಸ್ತರ ಸಂಗತಿಯನ್ನು ತಿಳಿದೆವೆನ್ನುವದು ಸರಿಯಲ್ಲ.

ಮೊದಲು ಜಗಳದ ಬೇರನ್ನು ತೋರಿಸುವೆವು. ನಮ್ಮ ಹಳ್ಳಿಗಳಲ್ಲಿ ಒಂದು ಮನೆತನದವರು ದೇವಸ್ಥಾನವನ್ನು ಕಟ್ಟಿಸಿ, ಎಣ್ಣೆಬತ್ತಿಗೆ ಭೂಮಿ ಬಿಟ್ಟು, ಆ ಬಳಿಕ ಮೊಕ್ತೇಸರಿಕೆಯು ತಲೆತಲಾಂತರಕ್ಕೂ ತಮ್ಮದೆಂದು ಸಾಧಿಸುವದುಂಟಷ್ಟೆ. ಪೋರ್ತುಗಾಲಿನ ಅರಸರು ಹಿಂದೂದೇಶದ ಕಥೋಲಿಕ ಸಭೆಯಲ್ಲಿ ಇಂಥಾ ಮೊಕ್ತೇಸರಿಕೆಯನ್ನೇ ಹೊಂದಿದ್ದರು. ಇಗರ್ಜಿಗಳನ್ನು ಕಟ್ಟಿಸುವದು, ಪಾದ್ರಿಗಳಿಗೆ ಸಂಬಳ ಕೊಡುವದು ಅರಸನ ಭಾರ. ಬಿಷಪರಾಗತಕ್ಕವರ ಹೆಸರನ್ನು ಸೂಚಿಸುವದು ಅರಸನ ಹಕ್ಕು. ಇದಕ್ಕೆ ಪಾದ್ರುವಾದೋ ಎಂದು ಹೆಸರು. ಗೋವೆಯಲ್ಲಿ 1534ರಲ್ಲಿ ಬಿಷಪರ ಪೀಠವುಂಟಾಯಿತು, ಕನ್ನಡ ಜಿಲ್ಲೆಯ ಕೊಂಕಣಿ ಕ್ರೈಸ್ತರು ಅದಕ್ಕೇ ಒಳಪಟ್ಟರು. ಕಾಲ ಹೋದಂತೆ ಅರಸನ ಬಲ ಕುಂದಿತು, ಹಕ್ಕು ಮಾತ್ರ ಕುಂದಲಿಲ್ಲ. ಆಗ ರೋಮಾಪುರಿಯವರು 1622ರಲ್ಲಿ ಪ್ರೊಪಗಾಂದಾ ಎಂಬ ಮಂಡಳಿಯನ್ನು ಏರ್ಪಡಿಸಿ, ಅರಸನನ್ನು ಕೇಳದೆ ತಾವೇ ಬಿಷಪರನ್ನು ಕಳುಹಿಸತೊಡಗಿದರು. ಒಂದು ಹಟ್ಟಿಗೆ ಇಬ್ಬರು ಕುರುಬರಾದರು.

ಮಂಗಳೂರಿನಲ್ಲಿ ಈ ಜಗಳ ಬಹಳ ಹಳೆಯದು. ಹಂಪನಕಟ್ಟೆಯ ಮಿಲಾಗ್ರಿಸ್ ಇಗರ್ಜಿಯನ್ನು 1680ರಲ್ಲಿ ಕಟ್ಟಿಸಿದ ಬಿಷಪ್ ತೊಮಾಸ್ ದೆ ಕಾಸ್ತ್ರೊ ರೋಮಾಪುರಿಯವರು ನೇಮಿಸಿದವರು. ಮರುವರುಷ ಗೋವೆಯಿಂದ ಬಂದ ಜೋಸೆಫ್ ವಾಜ್ ಪಾದ್ರಿಗಳು ಅರಸನ ಪಕ್ಷದ ಆರ್ಚ್‌ಬಿಷಪರು ಕಳುಹಿಸಿದವರು. ಇವರ ಸಾಧುತ್ವದಿಂದ ಆಗಿನ ಬೆಂಕಿ ಸ್ವಲ್ಪ ಆರಿತು, ಬೂದಿಯೊಳಗಿನ ಕೆಂಡ ಉಳಿಯಿತು. 1838ರಲ್ಲಿ ಹದಿನಾರನೆಯ ಗ್ರೆಗೊರಿ ಪೋಪರು ಅರಸನ ಹಕ್ಕನ್ನು ಬಹು ಮಟ್ಟಿಗೆ ಕತ್ತರಿಸಿಬಿಟ್ಟಾಗ ಅದು ಪುನಃ ಉರಿಯಿತು. ಮಂಗಳೂರಿನವರಲ್ಲಿ ಕೆಲವರು ರೋಮಾಪುರಿಯ ಕಡೆ, ಕೆಲವರು ಗೋವೆಯ ಕಡೆ. ಒಂದು ಊರಿನಲ್ಲಿ ಎರಡು ಇಗರ್ಜಿಗಳು, ಒಂದೇ ಮನೆಯಲ್ಲಿ ಎರಡು ಮನಸ್ಸುಗಳು. ಕೊನೆಗೆ 1886ನೆಯ ಜೂನ್ 23ರಲ್ಲಿ ಹದಿಮೂರನೆಯ ಲಿಯೋ ಪೋಪರೂ ಪೋರ್ತುಗಾಲಿನ ಅರಸನೂ ಒಡಂಬಡಿಕೆ ಮಾಡಿಕೊಂಡರು. ಅರಸನಿಗೆ ಗೋವೆ, ಕೊಚ್ಚಿ, ಮೈಲಾಪುರ, ದಮನ್ ಇವು ಉಳಿದವು. ಗೋವೆಯ ಆರ್ಚ್‌ಬಿಷಪರಿಗೆ ಪೂರ್ವದೇಶಗಳ ಪೇತ್ರಿಯಾರ್ಕರೆಂಬ ದೊಡ್ಡ ಬಿರುದು ದೊರಕಿತು. ಅದೇ ವರುಷ ಸೆಪ್ಟೆಂಬರ್ 1ರಲ್ಲಿ ಮಂಗಳೂರು ಒಂದು ಡಯೊಸಿಸ್ ಆಯಿತು, ಜೆಸ್ವಿತರಾದ ಪಗಾನಿ ಅದರ ಮೊದಲನೆಯ ಬಿಷಪರಾದರು. ಗೋವೆಯ ಕಡೆಯವರಾಗಿ ಅಷ್ಟು ವರುಷ ಹಟ ಹಿಡಿದಿದ್ದ ಕಲ್ಯಾಣಪುರ, ಬ್ರಹ್ಮಾವರದ ಸೀಮೆಯವರನ್ನು ಯಾರೂ ಒಂದು ಮಾತು ಕೇಳಲಿಲ್ಲ. ಹಕ್ಕಿಗಾಗಿ ಹೋರಾಡಿದವರು ಹಳ್ಳಿಯವರು, ಹಕ್ಕನ್ನು ಬಿಟ್ಟುಕೊಟ್ಟವನು ಸಮುದ್ರದಾಚೆಯ ಅರಸನು. ಅವರಿಗುಂಟಾದ ಮನೋವ್ಯಥೆಯನ್ನು ಊಹಿಸುವದು ಕಷ್ಟವಲ್ಲ.

ಈ ಸಮಯದಲ್ಲಿ ಎದ್ದವರೇ ನಮ್ಮ ಚರಿತ್ರನಾಯಕರು. ಅಂತೋನಿಯೊ ಫ್ರಾನ್ಸಿಸ್ಕೊ ಸಾವಿಯೇರ್ ಅಲ್ವಾರಿಸ್ ಎಂಬ ಇವರು 1836ರಲ್ಲಿ ಗೋವೆಯ ವೆರ್ಣೆಯಲ್ಲಿ ಹುಟ್ಟಿದರು. ಬೊಂಬಾಯಿಯಲ್ಲಿ ಯಾಜಕ ದೀಕ್ಷೆ ಹೊಂದಿ ಗೋವೆಗೆ ಹಿಂತಿರುಗಿದ ಇವರು ಪಣಜಿಯಲ್ಲಿ ದಿಕ್ಕಿಲ್ಲದ ಬಡವರ ಸೇವೆಗೆ ಕೈಹಾಕಿದರು. ಅದರೊಂದಿಗೆ ಲೇಖಣಿಯನ್ನೂ ಹಿಡಿದರು. ಶಿಲುಬೆ ಎಂಬರ್ಥದ ಆ ಕ್ರೂಜ್, ಸತ್ಯ ಎಂಬರ್ಥದ ಆ ವೆರ್ದಾದೆ ಎಂಬ ವರ್ತಮಾನಪತ್ರಗಳನ್ನು ನಡಿಸಿ, ಸರಕಾರದವರ ತಪ್ಪುಗಳನ್ನೂ ಸಭೆಯ ಮೇಲಧಿಕಾರಿಗಳ ತಪ್ಪುಗಳನ್ನೂ ಮುಚ್ಚುಮರೆಯಿಲ್ಲದೆ ಬರೆದರು. ಅರಸನ ಸಂಬಳ ತಿನ್ನುವ ಸಭೆಯಲ್ಲಿ ಈ ಎರಡು ತಪ್ಪುಗಳನ್ನು ಬೇರೆ ಬೇರೆಯಾಗಿಡುವದು ಸುಲಭವಲ್ಲ. ಗೋವೆಯ ಆರ್ಚ್‌ಬಿಷಪರಾದ ವಾಲೆಂತೆಯವರಿಗೂ ಇವರಿಗೂ ವಿರೋಧ ಬೆಳೆದು ಸಭಾಬಹಿಷ್ಕಾರದಲ್ಲಿ ಮುಗಿಯಿತು. ವಾಲೆಂತೆಯವರನ್ನು ಕ್ರೂರರೆಂದು ನಾವು ಹೇಳುವದಿಲ್ಲ. ತನ್ನ ಕೈಕೆಳಗಿನ ಪಾದ್ರಿಯು ವಾರವಾರವೂ ಅಚ್ಚಿನಲ್ಲಿ ತನ್ನನ್ನು ಖಂಡಿಸುವದನ್ನು ಸಹಿಸುವ ಬಿಷಪರು ಯಾವ ಸಭೆಯಲ್ಲಿಯೂ ವಿರಳವೇ.

ಒಡಂಬಡಿಕೆಯ ಸುದ್ದಿಯಿಂದ ಕೆರಳಿದವರು ಕನ್ನಡ ಜಿಲ್ಲೆಯಲ್ಲಿ ಮಾತ್ರವಲ್ಲ, ಸಿಂಹಳ ದ್ವೀಪದಲ್ಲಿಯೂ ಇದ್ದರು. ಅಲ್ಲಿ ಗೋವೆಯವರಾದ ಲಿಸ್ಬೊವಾ ಪಿಂತೊ ಎಂಬ ವೈದ್ಯರು ಅವರ ಮುಖಂಡರು. ಇವರಿಗೆಲ್ಲಾ ಒಂದೇ ಚಿಂತೆ. ರೋಮಾಪುರಿಯ ಬಿಷಪರು ಬೇಡ, ಆದರೆ ಬಿಷಪರಿಲ್ಲದೆ ಪಾದ್ರಿಗಳಿಗೆ ದೀಕ್ಷೆಯಿಲ್ಲ, ಪಾದ್ರಿಗಳಿಲ್ಲದೆ ಅವರ ಮತದ ಪ್ರಕಾರ ಪೂಜೆಯಿಲ್ಲ. ಆಗ ಅಲ್ವಾರಿಸರ ದೃಷ್ಟಿ ಮಲೆಯಾಳದ ಕಡೆಗೆ ತಿರುಗಿತು. ಅಲ್ಲಿನ ಸುರಿಯಾನಿ ಕ್ರೈಸ್ತರು ಅಂತಿಯೋಕ್ಯದ ಪೇತ್ರಿಯಾರ್ಕರನ್ನು ಮನ್ನಿಸುವವರು. 1653ರಲ್ಲಿ ಅವರ ಪೂರ್ವಿಕರು ಮಟ್ಟಾಂಚೇರಿಯಲ್ಲಿ ಪೋರ್ತುಗೀಸರ ಯಾಜಕರ ಅಧಿಕಾರಕ್ಕೆ ಒಳಪಡಲಾರೆವೆಂದು ಪ್ರಮಾಣ ಮಾಡಿದ್ದರು. ಅಂಥವರ ಬಾಗಿಲಿಗೆ ಪೋರ್ತುಗೀಸರ ಸಭೆಯ ಪಾದ್ರಿಯೊಬ್ಬರು ಹೋಗಿ ಬಿಷಪ್ ಪದವಿಯನ್ನು ಕೇಳಿದರೆಂಬದು ವಿಚಿತ್ರವಲ್ಲವೇ! ಅವರು ಹಳೆಯ ಲೆಕ್ಕವನ್ನು ಎತ್ತಲಿಲ್ಲ. 1889ನೆಯ ಜುಲಾಯಿ 29ರಲ್ಲಿ ಕೋಟ್ಟಯದ ಹಳೇ ಸೆಮಿನರಿಯಲ್ಲಿ ಅಲ್ವಾರಿಸರು ಮಾರ್ ಜೂಲಿಯಸ್ ಎಂಬ ಹೆಸರಿನಿಂದ ಗೋವೆ, ಸಿಂಹಳ, ಹಿಂದೂದೇಶಗಳ ಮೆತ್ರಾಪೊಲೀತರಾಗಿ ಅಭಿಷೇಕ ಹೊಂದಿದರು. ಕೈಯಿಟ್ಟವರಲ್ಲಿ ಪರುಮಲೆಯ ಮಾರ್ ಗ್ರೆಗೊರಿಯೊಸ್ ಸಹ ಒಬ್ಬರು. ಅವರನ್ನು ಮಲೆಯಾಳದವರು ಇಂದಿಗೂ ಮಹಾಸಾಧುವೆಂದು ನೆನಸುತ್ತಾರೆ. ಲತೀನ್ ಪದ್ಧತಿಯ ಪೂಜೆಯನ್ನು ಬಿಡಬೇಕಾಗಿಲ್ಲವೆಂಬ ಅನುಮತಿಯೂ ದೊರಕಿತು. ಇದು ಸಣ್ಣ ಸಂಗತಿಯಲ್ಲ. ಅಜ್ಜ ಮುತ್ತಜ್ಜರಿಂದ ಕೇಳಿದ ಪ್ರಾರ್ಥನೆಯ ಧ್ವನಿ ಬದಲಾಗಿದ್ದರೆ ಬ್ರಹ್ಮಾವರದ ಮುದುಕಿಯರು ಹಿಂಬಾಲಿಸುತ್ತಿದ್ದರೋ ಎಂಬದು ಸಂದೇಹ.

ಬ್ರಹ್ಮಾವರದಲ್ಲಿ ಮಾರ್ ಜೂಲಿಯಸರ ಬಲಗೈಯಾಗಿದ್ದವರು ರೋಕ್ ಜೆಫ್ರಿನ್ ನೊರೋನ್ಹಾ ಪಾದ್ರಿಗಳು. ಮೆತ್ರಾಪೊಲೀತರು ಗೋವೆ, ಸಿಂಹಳ ಎಂದು ತಿರುಗುತ್ತಿರುವಾಗ ಹಟ್ಟಿಯನ್ನು ಕಾದವರು ಇವರೇ. ಶಾಲೆ ನಡಿಸಿ, ರೋಗಿಗಳನ್ನು ನೋಡಿ, 1936ರಲ್ಲಿ ತೀರಿಕೊಳ್ಳುವ ತನಕ ಇವರು ಆ ಜನರನ್ನು ಬಿಟ್ಟು ಕದಲಲಿಲ್ಲ. ಪ್ರಸಿದ್ಧಿ ಮಾರ್ ಜೂಲಿಯಸರದ್ದಾದರೂ ಬ್ರಹ್ಮಾವರದ ಸಭೆ ಉಳಿದದ್ದು ನೊರೋನ್ಹಾ ಪಾದ್ರಿಗಳಿಂದಲೇ ಎಂದು ನಮ್ಮ ಎಣಿಕೆ. ರೋಮಾಪುರಿಯ ಕಡೆಯವರು ಈ ಸಭೆಯವರನ್ನು ಬೇರ್ಪಟ್ಟವರೆಂದು ಎಣಿಸಿದರು. ಅಂಥಾ ಬೇರ್ಪಡಿಕೆಯ ಅರ್ಥವು ನಮ್ಮ ವಾಚಕರಿಗೆ ವಿವರಿಸಬೇಕಾದದ್ದಲ್ಲ. ಹೊಸ ಸಭೆ ಸೇರಿದವನಿಗೆ ಹಳೇ ನೆಂಟರ ಮನೆಯ ಮದುವೆಯಲ್ಲಿ ಎಲೆ ಹಾಕುವರೋ ಇಲ್ಲವೋ ಎಂಬ ಚಿಂತೆ ಏನೆಂದು ನಮ್ಮಲ್ಲಿ ಅನೇಕರ ಹಿರಿಯರು ಅನುಭವಿಸಿಯೇ ತಿಳಿದಿದ್ದಾರೆ.

ಈಗ ನಮಗೆ ಅಷ್ಟು ಮೆಚ್ಚಿಕೆಯಾಗದ ಒಂದು ಕಾರ್ಯವನ್ನು ಹೇಳಬೇಕು. 1892ನೆಯ ಮೇ 29ರಲ್ಲಿ ಕೊಲೊಂಬಿನಲ್ಲಿ ಮಾರ್ ಜೂಲಿಯಸರು ರೆನೆ ವಿಲಾತ್ ಎಂಬ ಪರದೇಶದವನಿಗೆ ಬಿಷಪ್ ಪದವಿಯನ್ನು ಕೊಟ್ಟರು. ಇವನು ಪಾರಿಸ್ ಪಟ್ಟಣದಲ್ಲಿ ಹುಟ್ಟಿ ಅಮೇರಿಕಾ ದೇಶಕ್ಕೆ ಹೋದವನು, ಸಭೆಯಿಂದ ಸಭೆಗೆ ಹಾರಿದವನು. ಅಂತಿಯೋಕ್ಯದ ಪೇತ್ರಿಯಾರ್ಕರ ಅಪ್ಪಣೆಯ ಮೇಲೆಯೇ ಇದು ನಡೆಯಿತು, ಅಮೇರಿಕದಲ್ಲಿ ಒಂದು ಸ್ವತಂತ್ರ ಸಭೆ ಕಟ್ಟುವನೆಂಬ ನಂಬಿಕೆಯೂ ಇತ್ತು. ಆದರೆ ಅವನು ಮುಂದೆ ಅನೇಕರ ತಲೆಯ ಮೇಲೆ ಕೈಯಿಟ್ಟನು, ಅವರು ಮತ್ತೆ ಅನೇಕರ ಮೇಲೆ ಕೈಯಿಟ್ಟರು. ಹಿಂಡಿಲ್ಲದ ಬಿಷಪರು ಯೂರೋಪದಲ್ಲಿಯೂ ಅಮೇರಿಕದಲ್ಲಿಯೂ ಹುಟ್ಟಿಕೊಂಡರು. ವಿಲಾತನೋ 1925ರಲ್ಲಿ ರೋಮಾಪುರಿಯ ಸಭೆಗೇ ಹಿಂತಿರುಗಿ 1929ರಲ್ಲಿ ವೆರ್ಸಾಯಿಯಲ್ಲಿ ಸತ್ತನು. ಯಾರ ಮೇಲೆಯೂ ಅವಸರದಿಂದ ಹಸ್ತವನ್ನಿಡಬಾರದೆಂಬ ಅಪೊಸ್ತಲನ ಬುದ್ಧಿಮಾತು ಕೊಲೊಂಬಿನಲ್ಲಿ ಮರೆತುಹೋಯಿತೆಂದು ನಾವು ಹೇಳದೆ ಇರಲಾರೆವು.

ಇಷ್ಟಾದ ಮೇಲೆ ಮಾರ್ ಜೂಲಿಯಸರು ಬ್ರಿಟಿಷರ ಸೀಮೆಯಲ್ಲಿಯೇ ಇದ್ದಿದ್ದರೆ ಯಾರೂ ಅವರ ಕೂದಲನ್ನೂ ಕೊಂಕಿಸುತ್ತಿರಲಿಲ್ಲ. ಅವರು ಗೋವೆಗೆ ಹೋದರು. 1894ರಲ್ಲಿ ಓ ಬ್ರಾದೊ ಇಂದಿಯಾನೊ, ಅಂದರೆ ಹಿಂದೂದೇಶದವರ ಕೂಗು, ಎಂಬ ಪತ್ರವನ್ನು ಆರಂಭಿಸಿದರು. ಆ ಹೆಸರೇ ಪೋರ್ತುಗೀಸರ ಕಿವಿಗೆ ಮುಳ್ಳಾಗಿರಬೇಕು. ಮರುವರುಷ ಗೋವೆಯಲ್ಲಿ ದೊಡ್ಡ ಗಲಭೆಯೆದ್ದಿತು. ಆಫ್ರಿಕದ ಮೊಸಂಬಿಕಿಗೆ ಹೋಗಬೇಕೆಂಬ ಆಜ್ಞೆಗೆ ಅಲ್ಲಿನ ಮರಾಟಾ ಸಿಪಾಯಿಗಳು ಒಪ್ಪದೆ ತಿರುಗಿಬಿದ್ದರು. ಸತ್ತರಿಯ ರಾಣೆ ಮನೆತನದವರು ಅವರನ್ನು ಕೂಡಿಕೊಂಡರು. ಇಂಥಾ ಕಾಲದಲ್ಲಿ ಸರಕಾರಕ್ಕೆ ಪ್ರತಿಯೊಂದು ಲೇಖಣಿಯೂ ಕತ್ತಿಯಂತೆ ತೋರುವದು. ಪತ್ರವು ನಿಂತುಹೋಯಿತು. ಮಾರ್ ಜೂಲಿಯಸರನ್ನು ಹಿಡಿದು, ಮೆತ್ರಾಪೊಲೀತರ ಉಡುಪನ್ನು ತೆಗೆಸಿ ಸೆರೆಗೆ ಒಯ್ದರು. ರಾಜದ್ರೋಹದ ಅಪವಾದ ಹೊರಿಸಿದರು. ನ್ಯಾಯಸ್ಥಾನದಲ್ಲಿ ಅದು ನಿಲ್ಲದೆ ಬಿಡುಗಡೆಯಾದರೂ ಆ ಉಡುಪನ್ನು ಪುನಃ ಧರಿಸುವದಕ್ಕೆ ಆಸ್ಪದ ಸಿಗಲಿಲ್ಲ. ವಾಚಕರು ಇಲ್ಲಿ ಒಂದು ಕ್ಷಣ ನಿಂತು ನೋಡಬೇಕು. ಪೋರ್ತುಗಾಲಿನ ಅರಸನ ಹಕ್ಕು ಹೋಯಿತೆಂದು ಅತ್ತವರಿಗೆ ಬಿಷಪರಾದವರು ಇವರು, ಅದೇ ಅರಸನ ಪೋಲೀಸರ ಕೈಯಿಂದ ಬೀದಿಯಲ್ಲಿ ಅವಮಾನ ಹೊಂದಿದವರೂ ಇವರೇ. ಬ್ರಹ್ಮಾವರದ ಜನರು ಪಾದ್ರುವಾದೋ ಎಂದರೆ ತಮ್ಮ ಹಿರಿಯರ ಸಭೆಯೆಂದು ತಿಳಿದಿದ್ದರು. ಅದು ಒಬ್ಬ ಅರಸನ ಆಸ್ತಿಯ ಪಟ್ಟಿಯಲ್ಲಿನ ಒಂದು ಸಾಲೆಂದು ಮೊದಲು 1886ರಲ್ಲಿಯೂ ಆ ಮೇಲೆ 1895ರಲ್ಲಿಯೂ ತಿಳಿದುಬಂತು.

ಉಳಿದ ಇಪ್ಪತ್ತೆಂಟು ವರುಷಗಳನ್ನು ಹೇಗೆ ಕಳೆದರು? ಪೀಠವಿಲ್ಲ, ಪತ್ರವಿಲ್ಲ, ಸುತ್ತಲಿನವರಿಗೆ ಬಹಿಷ್ಕೃತರು. ಸೇಡಿನ ಲೇಖಗಳನ್ನು ಬರೆಯಬಹುದಾಗಿತ್ತು. ಆದರೆ ಅವರು ಬರೆದದ್ದು ವಾಂತಿಭೇದಿಯ ಚಿಕಿತ್ಸೆಯನ್ನು ಕುರಿತ ಸಣ್ಣ ಪುಸ್ತಕ. ಬರಗಾಲದಲ್ಲಿ ಬಡವರ ಹೊಟ್ಟೆ ತುಂಬಿಸಬೇಕೆಂದು ಮರಗೆಣಸಿನ ಬೇಸಾಯವನ್ನು ಕುರಿತೂ ಬರೆದರು. ಅಕ್ಕಿ ದುಬಾರಿಯಾದಾಗ ಗುಡ್ಡೆಯ ಬದಿಯ ಮರಗೆಣಸು ಎಷ್ಟು ಮಕ್ಕಳನ್ನು ಬದುಕಿಸುತ್ತದೆಂಬದನ್ನು ಈ ಕರಾವಳಿಯವರಾದ ನಾವು ಬಲ್ಲೆವು. ಭಿಕ್ಷುಕರನ್ನೂ ರೋಗಿಗಳನ್ನೂ ಮನೆಗೆ ಕರೆತಂದರು, ಕುಷ್ಠರೋಗಿಗಳನ್ನು ಮುಟ್ಟಲು ಹೇಸಲಿಲ್ಲ. ಇವರಿಗೆ ಅನ್ನ ಹಾಕುವದಕ್ಕಾಗಿ ಮೆತ್ರಾಪೊಲೀತರು ತಾವೇ ಪಣಜಿಯ ಅಂಗಡಿಬೀದಿಯಲ್ಲಿ ಕೈಚಾಚಿ ಬೇಡಿದರು. ಅವರ ಮತವನ್ನು ಒಪ್ಪದವರೂ ಆ ಕೈಗೆ ಕಾಸು ಹಾಕಿದರು.

ಮುಪ್ಪಿನಲ್ಲಿ ರಕ್ತಭೇದಿ ಹಿಡಿದು ರಿಬಂದರಿನ ಆಸ್ಪತ್ರೆಗೆ ಸೇರಿದಾಗ, ರೋಮಾಪುರಿಯ ಸಭೆಗೆ ತಿರುಗಿಕೊಳ್ಳಬೇಕೆಂದು ಪಾದ್ರಿಗಳು ಬಂದು ಬುದ್ಧಿ ಹೇಳಿದರು. ಹಿಂತಿರುಗಿದ್ದರೆ ಮರ್ಯಾದೆಯ ಸಮಾಧಿ ಸಿಗುತ್ತಿತ್ತು. ಅವರು ಒಪ್ಪಲಿಲ್ಲ. ಅದು ದೃಢತೆಯೋ ಹಟವೋ, ಒಂದೊಂದು ಸಭೆಯವರು ಒಂದೊಂದು ಹೆಸರಿಡುವರು. 1923ನೆಯ ಸೆಪ್ಟೆಂಬರ್ 23ರಲ್ಲಿ, 87ನೆಯ ವಯಸ್ಸಿನಲ್ಲಿ ತೀರಿಕೊಂಡರು. ಪಣಜಿಯ ಸಾಂತ ಇನೇಜ್ ಸ್ಮಶಾನದಲ್ಲಿ ಪ್ರತ್ಯೇಕವಾದ ಒಂದು ಮೂಲೆಯಲ್ಲಿ ಅವರನ್ನು ಹೂಣಿದರು. ಕಥೋಲಿಕ ಸಭೆಯ ಗಂಟೆ ಬಾರಿಸಲಿಲ್ಲ. ಅವರು ಸಾಕಿದ ಬಡವರು ಬಂದರು.

ಆ ಎಲುಬುಗಳು ಆ ಮೂಲೆಯಲ್ಲಿ ಉಳಿಯಲಿಲ್ಲ. ನಾಲ್ಕು ವರುಷಗಳಾದ ಮೇಲೆ ಸ್ನೇಹಿತರು ಅವುಗಳನ್ನು ತೆಗೆದು ಪೆಟ್ಟಿಗೆಯಲ್ಲಿಟ್ಟು ಶಿಲುಬೆಯ ಗುರುತು ನಿಲ್ಲಿಸಿದರು. ಅನೇಕ ವರುಷಗಳ ಮೇಲೆ ಸುರಿಯಾನಿ ಸಭೆಯವರು ಅದನ್ನು ಹುಡುಕಿ, ಅವರು ಪ್ರಾಣಬಿಟ್ಟ ಊರಾದ ರಿಬಂದರಿನಲ್ಲಿಯೇ ತಮ್ಮ ದೇವಾಲಯಕ್ಕೆ ತಂದರು. ಬ್ರಹ್ಮಾವರದ ಜನರು ಕ್ರಮೇಣ ಲತೀನ್ ಪದ್ಧತಿಯಿಂದ ಸುರಿಯಾನಿ ಪದ್ಧತಿಗೆ ತಿರುಗಿದರು. 2010ರಲ್ಲಿ ಅವರಿಗೆ ಬ್ರಹ್ಮಾವರದ ಹೆಸರಿನಲ್ಲಿಯೇ ಪ್ರತ್ಯೇಕ ಡಯೊಸಿಸ್ ಏರ್ಪಟ್ಟು, ಯಾಕೋಬ್ ಮಾರ್ ಎಲಿಯಾಸ್ ಅದರ ಮೊದಲನೆಯ ಮೆತ್ರಾಪೊಲೀತರಾದರು. ಕೋಟ್ಟಯದ ಆ ಅಭಿಷೇಕದಿಂದ ಇದಕ್ಕೆ ನೂರ ಇಪ್ಪತ್ತೊಂದು ವರುಷಗಳು ಹಿಡಿದವು.