ಐವತ್ತು ದಾಟಿದ ಮೇಲೆ ಮತ್ತೆ ಕುಂಚ: ರುಮಾಲೆ ಚೆನ್ನಬಸವಯ್ಯ

ಚಿತ್ರಕಲೆಯ ಪಾಠಯೋಜನೆಯಲ್ಲಿ ಕಲಾವಿದರೊಬ್ಬರ ಪರಿಚಯ ಬೇಕಾದಾಗ ನಾನು ಪ್ರಶಿಕ್ಷಣಾರ್ಥಿಗಳಿಗೆ ರುಮಾಲೆ ಚೆನ್ನಬಸವಯ್ಯನವರ ಹೆಸರನ್ನು ಸೂಚಿಸುತ್ತೇನೆ. ಅವರ ಬದುಕಿನಲ್ಲಿ ಕಲಿಕೆ ನಡುವೆ ನಿಂತದ್ದೂ ಇದೆ, ತಡವಾಗಿ ಮತ್ತೆ ಆರಂಭವಾದದ್ದೂ ಇದೆ. ಶಿಕ್ಷಕರಾಗುವವರು ಎರಡನ್ನೂ ಅರಿಯಬೇಕು.

1910ರಲ್ಲಿ ದೊಡ್ಡಬಳ್ಳಾಪುರದಲ್ಲಿ ಹುಟ್ಟಿದ ರುಮಾಲೆಯವರು ಬೆಂಗಳೂರಿನ ಕಲಾಮಂದಿರದಲ್ಲಿಯೂ ಮೈಸೂರಿನ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆಯಲ್ಲಿಯೂ ಚಿತ್ರಕಲೆ ಕಲಿತರು. ಸ್ವಾತಂತ್ರ್ಯ ಹೋರಾಟ ಅವರನ್ನು ತರಗತಿಯಿಂದ ಹೊರಗೆಳೆಯಿತು. ಸೆರೆಮನೆ ಕಂಡರು, ‘ತಾಯಿನಾಡು’ ಪತ್ರಿಕೆಯ ಸಂಪಾದಕರಾದರು, ವಿಧಾನ ಪರಿಷತ್ತಿನ ಸದಸ್ಯರೂ ಆದರು. ಇಷ್ಟು ವರ್ಷ ಕುಂಚ ಹಿಂದೆ ಸರಿದಿತ್ತು. 1960ರ ದಶಕದಲ್ಲಿ, ಐವತ್ತು ದಾಟಿದ ಮೇಲೆ, ರಾಜಕೀಯ ಬಿಟ್ಟು ಪೂರ್ಣವಾಗಿ ಚಿತ್ರಕ್ಕೆ ಮರಳಿದರು. 1988ರಲ್ಲಿ ತೀರಿಕೊಳ್ಳುವವರೆಗೂ ಅದೇ ಅವರ ಕಾಯಕವಾಯಿತು.

ಅವರು ಬಯಲಿನಲ್ಲಿ, ಮರದ ಎದುರಿಗೇ ಕುಳಿತು ಬರೆದರು. ಬೆಂಗಳೂರಿನ ಗುಲ್‌ಮೊಹರ್ ಮೊದಲಾದ ಹೂಮರಗಳು ಅವರಿಗೆ ಪ್ರಿಯವಾದ ವಸ್ತು. ಜಲವರ್ಣ, ತೈಲವರ್ಣ ಎರಡರಲ್ಲೂ ಬಿಡಿಬಿಡಿಯಾದ ಉಜ್ವಲ ಬಣ್ಣಗಳಿಂದ ಬೆಳಕನ್ನು ಹಿಡಿದರು. ಇಂಪ್ರೆಷನಿಸ್ಟ್ ಚಿತ್ರಕಾರರನ್ನು ನೆನಪಿಸುವ ರೀತಿ ಇದು.

ಆ ರೀತಿ ಫ್ರಾನ್ಸಿನಲ್ಲಿ ಬೆಳೆದದ್ದು ನದಿಯ ದಂಡೆಯಲ್ಲಿಯೇ. ಕ್ಲೋದ್ ಮೊನೆ 1870ರ ದಶಕದಲ್ಲಿ ಅರ್ಜಾಂತೈ ಎಂಬಲ್ಲಿ ದೋಣಿಯೊಂದನ್ನೇ ಚಿತ್ರಶಾಲೆಯಾಗಿಸಿಕೊಂಡು ಸೇನ್ ನದಿಯನ್ನು ತೈಲವರ್ಣದಲ್ಲಿ ಬರೆದರು. ನೀರಿಗೆ ತನ್ನದೇ ಬಣ್ಣ ಕಡಿಮೆ. ಆಕಾಶ, ದಂಡೆ, ಮರಗಳ ಬಣ್ಣವನ್ನು ಅದು ಒಡೆದು ತೋರಿಸುತ್ತದೆ. ಆದ್ದರಿಂದ ನೀಲಿಯನ್ನು ಒಂದೇ ಸಮ ಬಳಿಯದೆ, ಅಡ್ಡಡ್ಡ ಚಿಕ್ಕ ಗೀಟುಗಳನ್ನು ಪಕ್ಕಪಕ್ಕದಲ್ಲಿ ಇಡುತ್ತಾರೆ. ನೆರಳಿಗೆ ಕಪ್ಪಿನ ಬದಲು ನೇರಳೆ, ಕಡುಹಸಿರು ಬಳಸುತ್ತಾರೆ. ದೂರದಿಂದ ನೋಡಿದಾಗ ಕಣ್ಣೇ ಅವನ್ನು ಕೂಡಿಸಿಕೊಳ್ಳುತ್ತದೆ. ತೈಲವರ್ಣ ನಿಧಾನವಾಗಿ ಒಣಗುವುದರಿಂದ ಹಸಿ ಬಣ್ಣದ ಮೇಲೆ ಹಸಿ ಬಣ್ಣ ಇಡಬಹುದು, ಒಪ್ಪದಿದ್ದರೆ ಕೆರೆದು ತೆಗೆಯಬಹುದು. ಬೆಳಕು ಮಾತ್ರ ಕಾಯುವುದಿಲ್ಲ. ಮೊದಲು ದೊಡ್ಡ ಬಣ್ಣದ ಹರವುಗಳನ್ನು ಬೇಗ ಹಾಕಿಕೊಳ್ಳಬೇಕು.

ಇದನ್ನು ನಮ್ಮ ಪಾಠಾಭ್ಯಾಸದ ಶಾಲೆಗಳಿಗೆ ತರುವುದು ಕಷ್ಟವಲ್ಲ. ಗುಂಡ್ಲುಪೇಟೆಯಲ್ಲಿ ಗುಂಡ್ಲುಹೊಳೆ ಇದೆ. ಚಾಮರಾಜನಗರದ ಬಳಿ ಸುವರ್ಣಾವತಿ ಇದೆ. ಆದರೂ ಹೊಳೆ ಬರೆಯಿರಿ ಎಂದೊಡನೆ ಮಕ್ಕಳು ಎರಡು ಬೆಟ್ಟ, ನಡುವೆ ಸೂರ್ಯ, ಕೆಳಗೆ ನೀಲಿ ಪಟ್ಟಿ ಬರೆಯುವುದನ್ನು ನಾನು ವೀಕ್ಷಣೆಯಲ್ಲಿ ಮತ್ತೆ ಮತ್ತೆ ಕಂಡಿದ್ದೇನೆ. ಅದು ಕಂಡ ಹೊಳೆಯಲ್ಲ, ಬಾಯಿಪಾಠದ ಹೊಳೆ. ಗುಂಡ್ಲುಹೊಳೆ ಬತ್ತಿದಾಗ ಮರಳೇ ಅದರ ಬಣ್ಣ. ಮಳೆ ಬಂದಾಗ ಕೆಮ್ಮಣ್ಣು.

ತೈಲವರ್ಣ ಎಲ್ಲ ಶಾಲೆಗೂ ಎಟುಕದು. ಆಯಿಲ್ ಪೇಸ್ಟಲ್ ಸಾಕು. ಬಣ್ಣದ ಮೇಲೆ ಬಣ್ಣ ತಿಕ್ಕುವ ಗುಣ ಅದರಲ್ಲೂ ಇದೆ. ಶಾಲೆಯ ಅನುಮತಿ ಪಡೆದು, ಹಿರಿಯರ ಮೇಲ್ವಿಚಾರಣೆಯಲ್ಲಿ ಮಕ್ಕಳನ್ನು ದಂಡೆಯಿಂದ ದೂರದಲ್ಲಿ ಕೂರಿಸಿ. ಮೊದಲ ಹತ್ತು ನಿಮಿಷ ಕಾಗದ ಕೊಡಬೇಡಿ. ನೀರಿನಲ್ಲಿ ಕಂಡ ಬಣ್ಣಗಳನ್ನು ಬಾಯಲ್ಲಿ ಹೇಳಿಸಿ. ಅದೇ ಜಾಗವನ್ನು ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ ಬರೆಸಿ ಎರಡನ್ನೂ ಪಕ್ಕದಲ್ಲಿ ತೂಗುಹಾಕಿ.

ಮೌಲ್ಯಮಾಪನದಲ್ಲಿ ‘ಚಿತ್ರ ಬರುವುದಿಲ್ಲ’ ಎಂಬ ಷರಾ ಬೇಡವೆಂದು ನಾನು ಪ್ರತಿ ತಂಡಕ್ಕೂ ಹೇಳುತ್ತೇನೆ. ಏಳನೆಯ ತರಗತಿಯ ಮಗು ಅದನ್ನು ಜೀವಮಾನದ ತೀರ್ಪೆಂದು ಓದಿಕೊಳ್ಳುತ್ತದೆ. ಮಗು ಎಷ್ಟು ಬಣ್ಣಗಳನ್ನು ಗುರುತಿಸಿತು, ಎರಡನೆಯ ಚಿತ್ರದಲ್ಲಿ ಏನನ್ನು ಬದಲಿಸಿತು ಎಂದು ಬರೆಯಿರಿ. ಕುಂಚವನ್ನು ದಶಕಗಳ ಕಾಲ ಬದಿಗಿಟ್ಟ ರುಮಾಲೆಯವರು ಮತ್ತೆ ಹಿಡಿಯಲು ಸಾಧ್ಯವಾದದ್ದು, ಎಳೆಯ ವಯಸ್ಸಿನಲ್ಲಿ ಕಲಿತದ್ದು ಅವರೊಳಗೆ ಉಳಿದಿದ್ದರಿಂದ ಎಂದು ನನಗೆ ಅನಿಸುತ್ತದೆ.