ಶೋಯೆಬುಲ್ಲಾ ಖಾನ್: ಒಳಗಿನಿಂದ ಬಂದ ದನಿ

ಸಿಇಟಿ ಕೌನ್ಸೆಲಿಂಗ್‌ಗೆ 371ಜೆ ಸರ್ಟಿಫಿಕೇಟ್ ಹಿಡಿದು ಯಲಹಂಕಕ್ಕೆ ಬಂದ ಗೆಳೆಯರು ನಮ್ಮಲ್ಲಿ ಎಷ್ಟೋ ಜನ ಇದ್ದಾರೆ. ಬೀದರ್, ಕಲಬುರಗಿ, ರಾಯಚೂರು ಕಡೆಯವರು. ದೇಶಕ್ಕೆ ಸ್ವಾತಂತ್ರ್ಯ ಬಂದಿದ್ದು 1947ರ ಆಗಸ್ಟ್ 15ಕ್ಕೆ, ಅವರ ಊರುಗಳಿಗೆ 1948ರ ಸೆಪ್ಟೆಂಬರ್ 17ಕ್ಕೆ. ನಡುವಿನ ಆ ಹದಿಮೂರು ತಿಂಗಳಲ್ಲಿ ಬದುಕಿ, ಬರೆದು, ಸತ್ತ ಒಬ್ಬ ಪತ್ರಕರ್ತನ ಕಥೆ ಇದು.

ಆ ಜಿಲ್ಲೆಗಳು ಆಗ ಹೈದರಾಬಾದ್ ನಿಜಾಮರ ಸಂಸ್ಥಾನದಲ್ಲಿದ್ದವು. ಸಂಸ್ಥಾನ ಭಾರತಕ್ಕೆ ಸೇರಲೇಬಾರದು ಅಂತ ಹಟ ಹಿಡಿದಿದ್ದು ಲಾತೂರಿನ ವಕೀಲ ಖಾಸಿಂ ರಜ್ವಿಯ ರಜಾಕಾರ ಪಡೆ. ಹಳ್ಳಿ ಹಳ್ಳಿಗೆ ನುಗ್ಗಿ ಲೂಟಿ, ಕೊಲೆ ಮಾಡುತ್ತಿದ್ದರು.

ಶೋಯೆಬುಲ್ಲಾ ಉಸ್ಮಾನಿಯಾ ವಿಶ್ವವಿದ್ಯಾಲಯದ ಪದವೀಧರ. ಹಿಡಿದಿದ್ದು ಉರ್ದು ಪತ್ರಿಕೆಯ ಕೆಲಸ. ಕೆಲಸ ಮಾಡುತ್ತಿದ್ದ 'ರಯ್ಯತ್' ಪತ್ರಿಕೆಯನ್ನು ಸರ್ಕಾರ ಮುಚ್ಚಿಸಿತು. ಸುಮ್ಮನಾಗಲಿಲ್ಲ. ಬೂರ್ಗುಲ ರಾಮಕೃಷ್ಣ ರಾವ್ ಅವರ ನೆರವಿನಿಂದ 1947ರ ನವೆಂಬರ್‌ನಲ್ಲಿ 'ಇಮ್ರೋಜ್' ಶುರು ಮಾಡಿದರು. ರಜಾಕಾರರ ಪಡೆ ವಿಸರ್ಜಿಸಿ, ಭಾರತಕ್ಕೆ ಸೇರಿ, ಜನರಿಗೆ ಜವಾಬ್ದಾರಿ ಸರ್ಕಾರ ಕೊಡಿ: ಇದೇ ಅವರ ವಾದ. ಇದನ್ನೇ ಹೇಳಿದ ಏಳು ಮುಸ್ಲಿಂ ಗಣ್ಯರ ಹೇಳಿಕೆಯನ್ನೂ ಧೈರ್ಯವಾಗಿ ಅಚ್ಚು ಹಾಕಿದರು.

1948ರ ಆಗಸ್ಟ್ 21ರ ರಾತ್ರಿ ಕಚೇರಿಯಿಂದ ಮನೆಗೆ ಹೊರಟವರ ಮೇಲೆ ಕಾಚಿಗುಡದ ಬಳಿ ದಾಳಿಯಾಯಿತು. ಗುಂಡು ಹಾರಿಸಿದ್ದಲ್ಲದೆ, ಬರೆಯುವ ಕೈಯನ್ನೂ ಕತ್ತರಿಸಿದರು. ಜೊತೆಗಿದ್ದ ಬಂಧು ಇಸ್ಮಾಯಿಲ್ ಖಾನ್ ಕೂಡ ಕೈ ಕಳೆದುಕೊಂಡರು. ಶೋಯೆಬುಲ್ಲಾಗೆ ಆಗ ಮೂವತ್ತೂ ತುಂಬಿರಲಿಲ್ಲ.

ಹಾಗಾದರೆ ಖಂಡಿಸಿ ಬರೆದು ಏನು ಬಂತು? ರಜಾಕಾರರು ಅವರ ಲೇಖನ ಓದಿ ಬದಲಾಗಲಿಲ್ಲ, ಇನ್ನಷ್ಟು ಕೆರಳಿದರು. ಅವರನ್ನು ಸೋಲಿಸಿದ್ದು ಸೆಪ್ಟೆಂಬರ್ 13ಕ್ಕೆ ಒಳಬಂದ ಭಾರತದ ಸೇನೆ. ಲೆಕ್ಕ ಹಾಕಿದರೆ ಶೋಯೆಬುಲ್ಲಾ ಸೋತರು ಅಂತಲೇ ಅನ್ನಿಸುತ್ತೆ.

ನಾವು ಹಾಗೆ ಅಂದುಕೊಳ್ಳಲ್ಲ. ದೆಹಲಿಯವರು ಬೈದರೆ ರಜ್ವಿಗೆ ಅದೇ ಬಂಡವಾಳ. ನೋಡಿ, ನಮ್ಮವರ ಮೇಲೆ ಎಲ್ಲರೂ ಬಿದ್ದಿದ್ದಾರೆ ಅಂತ ಹೇಳಬಹುದಿತ್ತು. ಅದೇ ಭಾಷೆಯ, ಅದೇ ಧರ್ಮದ ಶೋಯೆಬುಲ್ಲಾಗೆ ಹಾಗೆ ಹೇಳಲು ಆಗುತ್ತಿರಲಿಲ್ಲ. ಎಲ್ಲ ಮುಸ್ಲಿಮರೂ ನನ್ನ ಹಿಂದಿದ್ದಾರೆ ಅನ್ನುವ ರಜ್ವಿಯ ಮಾತನ್ನು 'ಇಮ್ರೋಜ್' ದಿನಾ ಸುಳ್ಳು ಮಾಡುತ್ತಿತ್ತು. ಕತ್ತಿ ಎತ್ತುವಷ್ಟು ಅವರು ಹೆದರಿದ್ದು ಅದಕ್ಕೇ.

ಆ ಸಾಕ್ಷಿಯನ್ನು ಆಮೇಲೆ ಎಲ್ಲರೂ ನೆನಪಿಟ್ಟುಕೊಳ್ಳಲಿಲ್ಲ. ಸೇನೆ ಬಂದ ಬಳಿಕ ನಡೆದ ಸೇಡಿನ ಹಿಂಸೆಯಲ್ಲಿ ರಜಾಕಾರರಿಗೆ ಸಂಬಂಧವೇ ಇಲ್ಲದ ಮುಸ್ಲಿಮರೂ ಸತ್ತರು. ಸುಂದರಲಾಲ್ ಸಮಿತಿಯ ಅಂದಾಜು 27 ಸಾವಿರದಿಂದ 40 ಸಾವಿರ ಜನ. ಬೀದರ್, ಕಲಬುರಗಿ ಹೆಚ್ಚು ನೊಂದ ಜಿಲ್ಲೆಗಳಲ್ಲಿದ್ದವು. ರಜ್ವಿಯೋ, ಜೈಲು ಮುಗಿಸಿ 1957ರಲ್ಲಿ ಪಾಕಿಸ್ತಾನಕ್ಕೆ ಹೋದ.

ಎದುರಿನವರ ಉಗ್ರರನ್ನು ಬೈಯೋದು ಸುಲಭ, ಚಪ್ಪಾಳೆಯೂ ಸಿಗುತ್ತೆ. ನಮ್ಮವರ ನಡುವೆಯೇ ನಿಂತು ಇದು ತಪ್ಪು ಅನ್ನೋದು ಕಷ್ಟ. ಶೋಯೆಬುಲ್ಲಾ ಮಾಡಿದ್ದು ಆ ಕಷ್ಟದ ಕೆಲಸವನ್ನು.