ಕರಿಬಟ್ಟೆಯ ಮರೆಯಲ್ಲಿ ನಿಂತವರು

ಕೊಡಗಿನ ಹಳೆಯ ಮನೆಗಳಲ್ಲಿ ಕಾಲಿಟ್ಟವರ ಕಣ್ಣಿಗೆ ಮೊದಲು ಬೀಳುವುದು ಗೋಡೆಯ ಮೇಲಿನ ಛಾಯಾಚಿತ್ರಗಳು. ಐನ್‌ಮನೆಗಳಲ್ಲಿ ಕುಪ್ಯ ತೊಟ್ಟು, ಚೇಲೆ ಬಿಗಿದು, ಪೀಚೆಕತ್ತಿ ಸಿಕ್ಕಿಸಿಕೊಂಡು ನಿಂತ ಹಿರಿಯರು. ಕ್ರೈಸ್ತರ ಮನೆಗಳಲ್ಲಿ ಪವಿತ್ರ ಹೃದಯದ ಪಟದ ಪಕ್ಕದಲ್ಲಿ ಮದುವೆಯ ದಿನದ ಅಜ್ಜ, ಅಜ್ಜಿ. ಅವರು ಯಾರು, ಯಾರ ಮಕ್ಕಳು, ಯಾವ ತೋಟವನ್ನು ಕಟ್ಟಿ ಬೆಳೆಸಿದವರು ಎಂಬುದನ್ನು ಮನೆಯವರು ವಿವರವಾಗಿ ಹೇಳುತ್ತಾರೆ. ಆ ಚಿತ್ರವನ್ನು ತೆಗೆದವರು ಯಾರೆಂದು ಕೇಳಿದರೆ ಮಾತ್ರ ಸಾಮಾನ್ಯವಾಗಿ ಉತ್ತರ ದೊರೆಯುವುದಿಲ್ಲ.

ಕೆಲವು ವರ್ಷಗಳ ಹಿಂದೆ ಒಂದು ವಿವಾಹಪೂಜೆಯ ಸಮಯದಲ್ಲಿ ಛಾಯಾಗ್ರಾಹಕನೊಬ್ಬ ಪೀಠದ ಮೆಟ್ಟಿಲು ಹತ್ತಿದಾಗ ನಾನು ಅವನನ್ನು ಎಲ್ಲರೆದುರು ಗದರಿಸಿದೆ. ಪೂಜೆಯ ಗಾಂಭೀರ್ಯವನ್ನು ಕಾಯುವುದು ನನ್ನ ಕರ್ತವ್ಯವೇ ಆಗಿತ್ತು. ಗದರಿಸಿದ ರೀತಿ ಮಾತ್ರ ಆ ಕರ್ತವ್ಯದ ಭಾಗವಾಗಿರಲಿಲ್ಲ. ಮಧ್ಯಾಹ್ನ ಊಟದ ಚಪ್ಪರ ಖಾಲಿಯಾದ ಮೇಲೆ ಅವನು ಅಡುಗೆಯವರ ಬಳಿ ನಿಂತುಕೊಂಡೇ ಉಣ್ಣುತ್ತಿದ್ದುದನ್ನು ಕಂಡೆ. ಹೆಗಲಿನಲ್ಲಿ ಕ್ಯಾಮೆರಾ ಹಾಗೆಯೇ ತೂಗುತ್ತಿತ್ತು. ಆ ನೋಟ ಮನಸ್ಸಿನಲ್ಲಿ ಉಳಿಯಿತು. ಈ ವೃತ್ತಿಯ ಹಿರಿಯರೊಬ್ಬರ ಜೀವನವನ್ನು ಅರಸಿ ಓದುವಂತೆ ಮಾಡಿದುದೂ ಅದೇ. ಅವರೇ ರಾಜಾ ಲಾಲಾ ದೀನ್ ದಯಾಳ್. ಅವರು ಕೊಡಗಿನವರಲ್ಲ. ಆದರೆ ಅವರು ಆಸ್ಥಾನ ಛಾಯಾಗ್ರಾಹಕರಾಗಿದ್ದ ಹೈದರಾಬಾದ್ ಸಂಸ್ಥಾನದಲ್ಲಿ ಬೀದರ್, ಕಲಬುರಗಿ, ರಾಯಚೂರು ಸೀಮೆಗಳೂ ಸೇರಿದ್ದುದರಿಂದ ಕನ್ನಡ ನಾಡಿನ ಒಂದು ಭಾಗಕ್ಕೆ ಅವರು ಪರಕೀಯರೂ ಅಲ್ಲ.

ದೀನ್ ದಯಾಳ್ ಹುಟ್ಟಿದ್ದು 1844ರಲ್ಲಿ, ಮೀರತ್ ಸಮೀಪದ ಸರ್ಧಾನಾ ಎಂಬ ಊರಿನ ಜೈನ ಕುಟುಂಬದಲ್ಲಿ. ಈ ಊರಿನ ಹೆಸರು ಕಥೋಲಿಕ ಓದುಗರಿಗೆ ಅಪರಿಚಿತವಲ್ಲ. ಕ್ರೈಸ್ತಧರ್ಮವನ್ನು ಸ್ವೀಕರಿಸಿ ಸರ್ಧಾನಾವನ್ನು ಆಳಿದ ಬೇಗಂ ಸಮ್ರೂ ಕಟ್ಟಿಸಿದ ಕೃಪಾಮಾತೆಯ ಭವ್ಯ ದೇವಾಲಯ ಅಲ್ಲಿಯೇ ಇದೆ. 1961ರಲ್ಲಿ ಅದಕ್ಕೆ ಬೆಸಿಲಿಕಾ ಪದವಿಯೂ ದೊರೆಯಿತು. ಬೇಗಂ ತೀರಿಕೊಂಡ ಎಂಟು ವರ್ಷಗಳ ನಂತರ, ಆ ಗೋಪುರಗಳ ನೆರಳಿನ ಊರಿನಲ್ಲಿ ಜನಿಸಿದ ಜೈನ ಬಾಲಕನು ಮುಂದೆ ಕಟ್ಟಡಗಳ ಚೆಲುವನ್ನು ಅಷ್ಟು ಚೆನ್ನಾಗಿ ಅರಿತವನಾದನು.

ಅವರು ಕಲಿತದ್ದು ಛಾಯಾಗ್ರಹಣವನ್ನಲ್ಲ, ಎಂಜಿನಿಯರಿಂಗನ್ನು. ರೂರ್ಕಿಯ ಥಾಮಸನ್ ಕಾಲೇಜಿನಲ್ಲಿ ತರಬೇತಿ ಪಡೆದು 1866ರಲ್ಲಿ ಇಂದೋರ್‌ನ ಲೋಕೋಪಯೋಗಿ ಕಚೇರಿಯಲ್ಲಿ ಅಂದಾಜು ಪಟ್ಟಿ ತಯಾರಿಸುವ, ನಕ್ಷೆ ಬರೆಯುವ ಕೆಲಸಕ್ಕೆ ಸೇರಿದರು. ಸುಮಾರು 1874ರಲ್ಲಿ ಕ್ಯಾಮೆರಾ ಅವರ ಕೈಗೆ ಬಂತು. ಇಂದೋರ್‌ನ ಮಹಾರಾಜ ಎರಡನೆಯ ತುಕೋಜಿರಾವ್ ಹೋಳ್ಕರ್ ಹಾಗೂ ಬ್ರಿಟಿಷ್ ಅಧಿಕಾರಿ ಸರ್ ಹೆನ್ರಿ ಡಾಲಿ ಅವರಿಗೆ ಪ್ರೋತ್ಸಾಹ ನೀಡಿದರು. 1875-76ರಲ್ಲಿ ವೇಲ್ಸ್ ರಾಜಕುಮಾರನು ಭಾರತ ಪ್ರವಾಸ ಕೈಗೊಂಡಾಗ ಆತನ ಚಿತ್ರಗಳನ್ನು ತೆಗೆಯುವ ಅವಕಾಶ ದೊರೆಯಿತು. ಆಮೇಲೆ ಸರ್ ಲೆಪೆಲ್ ಗ್ರಿಫಿನ್ ಜೊತೆಯಲ್ಲಿ ಮಧ್ಯಭಾರತವನ್ನು ಸುತ್ತಿ ಪ್ರಾಚೀನ ಸ್ಮಾರಕಗಳನ್ನು ಚಿತ್ರಿಸಿದರು. ಆ ಚಿತ್ರಗಳು 1886ರಲ್ಲಿ ಗ್ರಂಥರೂಪದಲ್ಲಿ ಪ್ರಕಟವಾದವು.

ಆ ಕಾಲದಲ್ಲಿ ಒಂದು ಚಿತ್ರ ತೆಗೆಯುವುದು ಎಂಥ ಶ್ರಮವೆಂಬುದನ್ನು ಇಂದಿನವರು ಊಹಿಸುವುದು ಕಷ್ಟ. ಗಾಜಿನ ಫಲಕದ ಮೇಲೆ ಕೊಲೋಡಿಯನ್ ಎಂಬ ಅಂಟುದ್ರವವನ್ನು ಸಮನಾಗಿ ಹರಿಸಿ, ಕತ್ತಲೆಯಲ್ಲಿ ಬೆಳ್ಳಿಯ ಲವಣದ ದ್ರಾವಣದಲ್ಲಿ ಅದ್ದಿ, ಅದು ಒಣಗುವುದರೊಳಗೆ ಚಿತ್ರವನ್ನು ಹಿಡಿದು, ಕೂಡಲೇ ಸಂಸ್ಕರಿಸಬೇಕಾಗಿತ್ತು. ಇದೆಲ್ಲ ನಡೆಯಬೇಕಾದದ್ದು ಕೆಲವೇ ನಿಮಿಷಗಳಲ್ಲಿ. ಹೊರಗೆ ಹೋದರೆ ಕತ್ತಲೆಯ ಗುಡಾರವನ್ನೂ ಹೊತ್ತೊಯ್ಯಬೇಕು. ಚಿತ್ರವನ್ನು ಹಿಗ್ಗಿಸುವ ಸೌಲಭ್ಯ ಸುಲಭವಾಗಿರಲಿಲ್ಲವಾದ್ದರಿಂದ ದೊಡ್ಡ ಚಿತ್ರ ಬೇಕಾದರೆ ಅಷ್ಟೇ ದೊಡ್ಡ ಗಾಜು ಬೇಕು. 1880ರ ದಶಕದಲ್ಲಿ ಒಣ ಫಲಕಗಳು ಬಳಕೆಗೆ ಬಂದು ಈ ಧಾವಂತ ತಗ್ಗಿತು. ಗಾಜಿನ ಭಾರ ತಗ್ಗಲಿಲ್ಲ. ಮುದ್ರಣಕ್ಕೆ ಕೋಳಿಮೊಟ್ಟೆಯ ಬಿಳಿಭಾಗ ಬಳಿದ ಕಾಗದ. ಅದರ ಮೇಲೆ ಚಿತ್ರ ಮೂಡಿಸಲು ಸೂರ್ಯನ ಬಿಸಿಲು. ಮಳೆಯಲ್ಲಿ ಕಾಫಿ ಕಣದ ಕಡೆ ನೋಡಿ ನಿಟ್ಟುಸಿರುಬಿಡುವ ನಮ್ಮವರಿಗೆ, ಬಿಸಿಲಿಗಾಗಿ ಕಾಯುವವರ ಕಷ್ಟವನ್ನು ಬಿಡಿಸಿ ಹೇಳಬೇಕಾಗಿಲ್ಲ.

1885ರಲ್ಲಿ ವೈಸ್‌ರಾಯ್ ಲಾರ್ಡ್ ಡಫರಿನ್ ಅವರನ್ನು ತಮ್ಮ ಛಾಯಾಗ್ರಾಹಕರನ್ನಾಗಿ ನೇಮಿಸಿದರು. ಕೆಲಕಾಲದಲ್ಲಿಯೇ ದೀನ್ ದಯಾಳ್ ಸರ್ಕಾರಿ ನೌಕರಿಯನ್ನು ತೊರೆದು ಈ ವೃತ್ತಿಯನ್ನೇ ನಂಬಿದರು. ನಲವತ್ತು ದಾಟಿದ ಸಂಸಾರಸ್ಥನೊಬ್ಬ ಖಚಿತವಾದ ಸಂಬಳವನ್ನು ಬಿಟ್ಟು ಬೆಳಕನ್ನು ನಂಬಿ ಹೊರಡುವುದು ಸಾಮಾನ್ಯ ಧೈರ್ಯವಲ್ಲ. ಸಿಕಂದರಾಬಾದಿನಲ್ಲಿ ಅವರ ಸ್ಟುಡಿಯೋ ಬೆಳೆಯಿತು. ಆರನೆಯ ನಿಜಾಮ ಮಹಬೂಬ್ ಅಲಿ ಖಾನರ ಆಸ್ಥಾನದ ಛಾಯಾಗ್ರಾಹಕರಾದರು. 1894ರಲ್ಲಿ ನಿಜಾಮರು ರಾಜಾ ಬಹದ್ದೂರ್ ಮುಸವ್ವಿರ್ ಜಂಗ್ ಎಂಬ ಬಿರುದನ್ನಿತ್ತರು. ಅವರ ಕಲೆಯನ್ನು ಹೊಗಳಿ ತಾವೇ ಒಂದು ದ್ವಿಪದಿಯನ್ನೂ ರಚಿಸಿದರು. ವಿಕ್ಟೋರಿಯಾ ರಾಣಿಯ ಮನ್ನಣೆಯೂ ದೊರೆಯಿತು. 1893ರ ಷಿಕಾಗೋ ಮಹಾಪ್ರದರ್ಶನದಲ್ಲಿ ಅವರ ಚಿತ್ರಗಳಿಗೆ ಪ್ರಶಸ್ತಿ ಬಂತು. 1896ರಲ್ಲಿ ಮುಂಬಯಿಯಲ್ಲಿ ದೊಡ್ಡ ಸ್ಟುಡಿಯೋ ಆರಂಭವಾಯಿತು. ಐವತ್ತಕ್ಕೂ ಹೆಚ್ಚು ಮಂದಿ ಅವರ ಕೈಕೆಳಗೆ ದುಡಿಯುತ್ತಿದ್ದರು.

ಬಿರುದುಗಳ ಈ ಪಟ್ಟಿಗಿಂತಲೂ ಆ ಸ್ಟುಡಿಯೋದ ಒಳಗಿನ ದೃಶ್ಯವೇ ನನಗೆ ಹೆಚ್ಚು ಬೋಧಪ್ರದವಾಗಿ ಕಾಣುತ್ತದೆ. ಅಂದಿನ ಸ್ಟುಡಿಯೋಗಳಲ್ಲಿ ಮಾಡಿನ ಗಾಜಿನಿಂದ ಬೆಳಕು ಇಳಿಯುತ್ತಿತ್ತು. ಪರದೆಗಳನ್ನು ಸರಿಸಿ ಅದನ್ನು ಹದಗೊಳಿಸುತ್ತಿದ್ದರು. ಹಿಂದೆ ಕಂಬ, ಉದ್ಯಾನಗಳನ್ನು ಬರೆದ ಬಟ್ಟೆ. ಕುಳಿತವರು ಅಲುಗದಂತೆ ಕತ್ತಿನ ಹಿಂದೆ, ಚಿತ್ರದಲ್ಲಿ ಕಾಣದ ಹಾಗೆ, ಕಬ್ಬಿಣದ ಆಸರೆ. ಹಳೆಯ ಚಿತ್ರಗಳಲ್ಲಿ ನಮ್ಮ ಪೂರ್ವಜರು ನಗದೆ ಬಿಗಿದುಕೊಂಡಿರುವುದಕ್ಕೆ ಈ ಅಲುಗದಿರುವ ಕಟ್ಟುಪಾಡೂ ಒಂದು ಕಾರಣ. ಚಿತ್ರ ತೆಗೆದ ಮೇಲೆ ಕುಶಲ ಕೆಲಸಗಾರನು ಗಾಜಿನ ಮೇಲೆ ಸೀಸದಕಡ್ಡಿಯ ಮೊನೆಯಿಂದ ತಿದ್ದಿ ಮುಖದ ಸುಕ್ಕುಗಳನ್ನು ಅಳಿಸುತ್ತಿದ್ದನು. ಗೋಡೆಯ ಮೇಲೆ ನಾವು ನೋಡುವ ಒಂದು ಮುಖದ ಹಿಂದೆ ಹಲವರ ಕೈಗಳಿದ್ದವು.

ಇನ್ನೊಂದು ಸಂಗತಿಯೂ ಇದೆ. ಛಾಯಾಗ್ರಾಹಕನು ಕರಿಬಟ್ಟೆಯೊಳಗೆ ತಲೆಯಿಟ್ಟು ಮಸುಕುಗಾಜಿನಲ್ಲಿ ನೋಡುವಾಗ ಎದುರಿನ ದೃಶ್ಯ ತಲೆಕೆಳಗಾಗಿ ಕಾಣುತ್ತದೆ. ಇದು ಬೆಳಕಿನ ನಿಯಮ. ವಜ್ರದ ಪದಕಗಳನ್ನು ಧರಿಸಿದ ನಿಜಾಮರೂ, ಅವರನ್ನು ಕಾಣಬಂದ ವೈಸ್‌ರಾಯರೂ, ಬಾಗಿಲಲ್ಲಿ ನಿಂತ ಸೇವಕನೂ ದೀನ್ ದಯಾಳರ ಕಣ್ಣಿಗೆ ಒಂದೇ ರೀತಿ ತಲೆಕೆಳಗಾಗಿ ಕಂಡರು. ಲೋಕ ಗೌರವಿಸುವ ಮುಖವನ್ನು ಲೋಕಕ್ಕೆ ತೋರಿಸುವುದೇ ಅವರ ಕಸುಬು. ಆದರೆ ಆ ಕಸುಬಿನ ನಡುವೆ ಒಂದು ಕ್ಷಣವಾದರೂ ಎಲ್ಲ ಪದವಿಗಳೂ ಬೋರಲಾಗುವುದನ್ನು ಅವರು ದಿನವೂ ನೋಡುತ್ತಿದ್ದರು. ವ್ಯಕ್ತಿ ಎಂಬ ಅರ್ಥದ ಲ್ಯಾಟಿನ್ ಪದಕ್ಕೆ ಮೂಲದಲ್ಲಿ ನಾಟಕದ ಮುಖವಾಡವೆಂದು ಅರ್ಥವಿತ್ತೆಂದು ನಾವು ಗುರುಮಠದಲ್ಲಿ ತತ್ತ್ವಶಾಸ್ತ್ರದ ಪಾಠದಲ್ಲಿ ಕಲಿತಿದ್ದೆವು. ಮುಖವಾಡದ ಹಿಂದೆ ಇರುವವನೇ ನಿಜವಾದ ವ್ಯಕ್ತಿ ಎಂಬ ಅರಿವು ತತ್ತ್ವಜ್ಞಾನಿಗಳಿಗೆ ಬರಲು ಶತಮಾನಗಳು ಹಿಡಿದವು. ಒಳ್ಳೆಯ ಛಾಯಾಗ್ರಾಹಕನು ಅದನ್ನು ಅನುಭವದಿಂದಲೇ ಕಲಿಯುತ್ತಾನೆ.

ದೀನ್ ದಯಾಳರು ಕುಳಿತವರ ಮರ್ಯಾದೆಯನ್ನು ಅರಿತಿದ್ದರು ಎನ್ನಲು 1892ರ ಒಂದು ಕಾರ್ಯ ಸಾಕ್ಷಿ. ಹೈದರಾಬಾದಿನ ಗೋಷಾ ಸ್ತ್ರೀಯರು ಪರಪುರುಷರ ಎದುರಿಗೆ ಬರುವಂತಿರಲಿಲ್ಲ. ಅವರಿಗಾಗಿಯೇ ಎತ್ತರದ ಗೋಡೆಗಳ ನಡುವೆ ಪ್ರತ್ಯೇಕ ಜನಾನಾ ಸ್ಟುಡಿಯೋವನ್ನು ತೆರೆದು, ಶ್ರೀಮತಿ ಕೆನಿ-ಲೆವಿಕ್ ಎಂಬ ಆಂಗ್ಲ ಮಹಿಳೆಯ ವಶಕ್ಕೆ ಒಪ್ಪಿಸಿದರು. ಇದರಲ್ಲಿ ವ್ಯಾಪಾರದ ಜಾಣತನವೂ ಇದ್ದಿರಬಹುದು. ಆದರೂ ದೇಶದ ಪ್ರಸಿದ್ಧ ಛಾಯಾಗ್ರಾಹಕನೊಬ್ಬ ತನ್ನದೇ ಸ್ಟುಡಿಯೋದ ಬಾಗಿಲ ಹೊರಗೆ ತಾನೇ ನಿಲ್ಲಲು ಒಪ್ಪಿದನೆಂಬುದು ಸಣ್ಣ ಮಾತಲ್ಲ. ಎಲ್ಲಿಗೂ ನುಗ್ಗುವ ಹಕ್ಕು ತನಗಿದೆ ಎಂದು ಕ್ಯಾಮೆರಾ ಹಿಡಿದವರೆಲ್ಲ ಭಾವಿಸುವ ಇಂದಿನ ದಿನಗಳಲ್ಲಿ ಇದು ನೆನೆಯತಕ್ಕ ಸಂಗತಿ.

ಅವರ ಚಿತ್ರಗಳಲ್ಲಿ 1902ರ ಏಪ್ರಿಲ್‌ನಲ್ಲಿ ವಾರಂಗಲ್ ಪ್ರಾಂತದ ನೆಕೊಂಡಾದಲ್ಲಿ ತೆಗೆದ ಒಂದು ಬಹಳ ಪ್ರಸಿದ್ಧ. ವೈಸ್‌ರಾಯ್ ಲಾರ್ಡ್ ಕರ್ಜನ್ ಮತ್ತು ಅವರ ಪತ್ನಿ ಬೇಟೆಯಾಡಿದ ಹುಲಿಯೊಡನೆ ನಿಂತಿದ್ದಾರೆ. ಇದನ್ನು ನೋಡಿದಾಗ ನಮ್ಮ ಕೊಡಗಿನ ನರಿ ಮಂಗಲ ನೆನಪಾಗುತ್ತದೆ. ಹುಲಿಯನ್ನು ಕೊಂದ ವೀರನನ್ನು ಮದುಮಗನಂತೆ ಸಿಂಗರಿಸಿ ಹುಲಿಯ ಪಕ್ಕದಲ್ಲಿ ಕೂರಿಸಿ, ಊರವರೆಲ್ಲ ಬಂದು ಹರಸಿ ಉಡುಗೊರೆ ನೀಡುತ್ತಿದ್ದ ಪದ್ಧತಿ ಅದು. ಅಲ್ಲಿ ಹುಲಿಗೆ ಎದುರು ನಿಂತವನೇ ಮದುಮಗ. ವೈಸ್‌ರಾಯರ ಬೇಟೆಗಳಲ್ಲಿ ಹಾಗಲ್ಲ. ಕಾಡನ್ನು ಸೋಸಿ ಹುಲಿಯನ್ನು ಹೊರಗಟ್ಟುತ್ತಿದ್ದವರು ಬಡ ಹಳ್ಳಿಗರು, ಚಿತ್ರದ ನಡುವೆ ನಿಲ್ಲುತ್ತಿದ್ದವರು ಬೇರೆಯವರು. ದೀನ್ ದಯಾಳರು ಆ ಅಧಿಕಾರದ ಸೇವಕರೂ ಆಗಿದ್ದರು ಎಂಬುದನ್ನು ಮರೆಮಾಚಬೇಕಾಗಿಲ್ಲ. ತಮ್ಮನ್ನು ಸಾಕಿದವರನ್ನು ಭವ್ಯವಾಗಿ ತೋರಿಸುವುದು ಅವರ ಜೀವನೋಪಾಯವಾಗಿತ್ತು.

ಆದರೆ ಅದೇ ಕೈಗಳು ಬೇರೊಂದು ಲೋಕವನ್ನೂ ಹಿಡಿದಿಟ್ಟವು. 1899-1900ರ ಘೋರ ಬರದಲ್ಲಿ ದಖ್ಖನಿನ ಜನ ಹಸಿವಿನಿಂದ ಕಂಗೆಟ್ಟಾಗ, ನಿಜಾಮ ಸರ್ಕಾರದ ಪರಿಹಾರ ಕಾರ್ಯಗಳನ್ನು ದಾಖಲಿಸುವ ಕೆಲಸ ಅವರ ಸಂಸ್ಥೆಯದಾಯಿತು. ಅರಮನೆಯ ಚಿತ್ರಗಳಲ್ಲಿ ಪ್ರತಿಯೊಬ್ಬರ ಬಿರುದು ಸಹ ಬರೆಯಲ್ಪಟ್ಟಿದೆ. ಬರದ ಚಿತ್ರಗಳಲ್ಲಿ ಗಂಜಿಗಾಗಿ ಬಂದವರ ಹೆಸರುಗಳಿಲ್ಲ. ಆದರೂ ಬೆಳಕು ಅವರ ಮೇಲೆ ಕಡಿಮೆ ಬೀಳಲಿಲ್ಲ. ಗಾಜು ಅವರನ್ನು ನಿರಾಕರಿಸಲಿಲ್ಲ. ದೀನ್ ದಯಾಳ್ ಎಂದರೆ ದೀನರ ಮೇಲೆ ದಯೆಯುಳ್ಳವನು. ತಂದೆತಾಯಿಯರು ಇಟ್ಟ ಆ ಹೆಸರಿಗೆ ನಿಜಾಮರು ಕೊಟ್ಟ ಬಿರುದಿಗಿಂತ ಹೆಚ್ಚಿನ ತೂಕ ಬರುವುದು ಈ ಚಿತ್ರಗಳ ಎದುರಿನಲ್ಲಿಯೇ. ಪ್ರತಿ ಮನುಷ್ಯನೂ ದೇವರ ಪ್ರತಿರೂಪವೆಂದು ನಂಬುವ ನಮಗೆ ಅಲ್ಲಿ ಕಾಣುವುದು ಹೆಸರಿಲ್ಲದವರ ಗುಂಪಲ್ಲ.

ಕೊನೆಯ ದಿನಗಳು ಸುಖಕರವಾಗಿರಲಿಲ್ಲ. ಜ್ಞಾನಚಂದ್ ಮತ್ತು ಧರಮಚಂದ್ ಎಂಬ ಇಬ್ಬರು ಪುತ್ರರೂ ತಂದೆಯ ವೃತ್ತಿಯಲ್ಲಿಯೇ ತೊಡಗಿದ್ದರು. 1904ರಲ್ಲಿ ಧರಮಚಂದ್ ತೀರಿಕೊಂಡರು. ಮರುವರ್ಷ, 1905ರಲ್ಲಿ, ತಂದೆಯೂ ಕಣ್ಮುಚ್ಚಿದರು. 1911ರಲ್ಲಿ ನಿಜಾಮ ಮಹಬೂಬ್ ಅಲಿ ಖಾನರೂ ತೀರಿಹೋದರು. ಅವರು ಚಿತ್ರಿಸಿದ ದರ್ಬಾರುಗಳು, ಆನೆಗಳು, ಅಂಬಾರಿಗಳು ಒಂದೊಂದಾಗಿ ಇತಿಹಾಸಕ್ಕೆ ಸೇರಿದವು. ಉಳಿದದ್ದು ಗಾಜು. ನೆಲಕ್ಕೆ ಬಿದ್ದರೆ ಚೂರಾಗುವ ಆ ಗಾಜಿನ ಫಲಕಗಳು ಸಿಂಹಾಸನಗಳಿಗಿಂತ ಹೆಚ್ಚು ಬಾಳಿದವು. 1989ರಲ್ಲಿ ದೆಹಲಿಯ ಇಂದಿರಾ ಗಾಂಧಿ ರಾಷ್ಟ್ರೀಯ ಕಲಾಕೇಂದ್ರವು ಅಂಥ 2,857 ಫಲಕಗಳನ್ನು ಪಡೆದು ಸಂರಕ್ಷಿಸಿತು. 2006ರಲ್ಲಿ ಅಂಚೆ ಇಲಾಖೆ ಅವರ ಸ್ಮರಣಾರ್ಥ ಅಂಚೆಚೀಟಿಯನ್ನು ಹೊರತಂದಿತು. ಜೀವನವಿಡೀ ಇತರರ ಮುಖಗಳನ್ನು ಲೋಕಕ್ಕೆ ತೋರಿಸಿದವರ ಮುಖ ಹೀಗೆ, ಸತ್ತ ನೂರು ವರ್ಷಗಳ ನಂತರ, ಸಾಮಾನ್ಯ ಜನರ ಕೈಗೆ ತಲುಪಿತು.

ಎಲ್ಲ ಛಾಯಾಗ್ರಾಹಕರಿಗೂ ಈ ಭಾಗ್ಯವಿಲ್ಲ. ವಿರಾಜಪೇಟೆ, ಮಡಿಕೇರಿ, ಸೋಮವಾರಪೇಟೆಗಳ ಪುಟ್ಟ ಸ್ಟುಡಿಯೋಗಳಲ್ಲಿ ಕುಳಿತು ನಮ್ಮ ಅಜ್ಜಂದಿರ ಚಿತ್ರಗಳನ್ನು ತೆಗೆದವರಿಗೆ ಬಿರುದಿಲ್ಲ, ಅಂಚೆಚೀಟಿಯಿಲ್ಲ. ಹಲವು ಮನೆಗಳಲ್ಲಿ ಗತಿಸಿದ ತಾಯಿಯ ಮುಖವನ್ನು ಮೊಮ್ಮಕ್ಕಳು ತಿಳಿದಿರುವುದು ಅವರಿಂದಲೇ. ಆ ಉಪಕಾರಕ್ಕೆ ಕೊಟ್ಟ ಹಣ ಅಂದೇ ತೀರಿತು, ಋಣ ತೀರಿಲ್ಲ.

ಪ್ರಿಯ ಓದುಗರೇ, ಒಂದು ಸಣ್ಣ ಕೆಲಸ ಮಾಡಬಹುದು. ಮನೆಯ ಹಳೆಯ ಚಿತ್ರಗಳ ಚೌಕಟ್ಟನ್ನು ಒರೆಸುವಾಗ ಹಿಂಬದಿಯನ್ನೂ ಒಮ್ಮೆ ನೋಡಿರಿ. ಸ್ಟುಡಿಯೋದ ಮುದ್ರೆಯೋ ಹೆಸರೋ ಅಲ್ಲಿದ್ದರೆ ಅಳಿಯುವ ಮುನ್ನ ಬರೆದಿಡಿರಿ. ಮುಂದಿನ ಮದುವೆಯಲ್ಲಿ ಅತಿಥಿಗಳ ಪಂಕ್ತಿಯಲ್ಲಿಯೇ ಛಾಯಾಗ್ರಾಹಕನಿಗೂ ಒಂದು ಎಲೆ ಹಾಕಿಸಿರಿ. ನಾನು ಗದರಿಸಿದ ಆ ತರುಣ ಆಮೇಲೆ ಮತ್ತೊಂದು ವಿವಾಹಕ್ಕೆ ನಮ್ಮ ದೇವಾಲಯಕ್ಕೆ ಬಂದಿದ್ದನು. ಪೂಜೆಗೆ ಮೊದಲೇ ಕರೆದು, ಎಲ್ಲಿ ನಿಂತರೆ ಅವನಿಗೂ ಪೂಜೆಗೂ ಅನುಕೂಲವೆಂಬುದನ್ನು ಇಬ್ಬರೂ ಕೂಡಿ ಗೊತ್ತುಮಾಡಿಕೊಂಡೆವು. ಅವನ ಹೆಸರನ್ನು ನಾನು ಕೇಳಿ ತಿಳಿದದ್ದು ಅಂದೇ.